ತಲೆಕೆಳಗೆ ಮಾಡಿ ನೋಡದ ಎಕ್ಸ್‌ರೇ

ಎದೆಯ ಎಕ್ಸ್‌ರೇ ಕೈಗೆ ಬಂದರೆ ಯಾವ ಡಾಕ್ಟರೇ ಆಗಲಿ ಮೊದಲು ನೋಡುವುದು ಶ್ವಾಸಕೋಶವನ್ನು. ಕಪ್ಪಗಿರಬೇಕಾದ ಕಡೆ ಬಿಳಿ ಕಂಡರೆ ಟೀಬಿಯೋ, ನೀರೋ, ಗಡ್ಡೆಯೋ ಅಂತ ಯೋಚನೆ ಶುರುವಾಗುತ್ತದೆ. ಆಮೇಲೆ ಹೃದಯದ ಗಾತ್ರ. ಪಕ್ಕೆಲುಬುಗಳು ಅವೆಲ್ಲಕ್ಕೂ ಮುಂದೆಯೇ ಇರುತ್ತವೆ, ಕಿಟಕಿಯ ಸರಳುಗಳ ಹಾಗೆ. ಕಿಟಕಿಯಲ್ಲಿ ನಿಂತು ಬೀದಿ ನೋಡುವವರು ಸರಳು ನೋಡುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಎಕ್ಸ್‌ರೇ ಓದಿಯೇ ಅನ್ನ ತಿನ್ನುತ್ತಿರುವ ನಾನೂ ಎಷ್ಟೋ ದಿನ ಬೀದಿಯನ್ನೇ ನೋಡಿದವಳು.

ನಮ್ಮ ಡಯಾಗ್ನಾಸ್ಟಿಕ್ ಸೆಂಟರ್ ಇರುವುದು ಪೀಣ್ಯದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಎದುರಿಗೆ ಲೇತ್ ಶೆಡ್ಡುಗಳು, ಪಕ್ಕದಲ್ಲಿ ಪೌಡರ್ ಕೋಟಿಂಗ್ ಘಟಕ. ನಮ್ಮಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ರೋಗಿಗಳೇ ಅಲ್ಲ. ಫ್ಯಾಕ್ಟರಿಗೆ ಹೊಸದಾಗಿ ಸೇರುವವರು ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಬೇಕು, ಅದಕ್ಕೆ ಎದೆಯ ಚಿತ್ರ ಬೇಕು. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬಂದು ಒಂದೊಂದು ರೂಮಿನಲ್ಲಿ ಐದಾರು ಜನ ಇರುವವರು. ಗಾರ್ಮೆಂಟ್ಸ್ ಸೇರುವ ಹೆಂಗಸರು. ಬೆಳಿಗ್ಗೆ ಟೆಂಪೋದಲ್ಲಿ ನಲವತ್ತು ಐವತ್ತು ಜನ ಒಟ್ಟಿಗೆ ಬಂದಿಳಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟೂ ರಿಪೋರ್ಟ್ ಆಗಬೇಕು. ಅದಕ್ಕೇ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಪಾಠ ಇಟ್ಟಿದ್ದೆ. ಹೊಸ ಪುಟ ತೆರೆದರೆ ತಾನಾಗಿಯೇ ಬಂದು ಕೂರುತ್ತದೆ: ಲಂಗ್ಸ್ ಕ್ಲಿಯರ್, ಹಾರ್ಟ್ ನಾರ್ಮಲ್, ಬೋನ್ಸ್ ನಾರ್ಮಲ್. ತೊಂದರೆ ಇದ್ದರೆ ಮಾತ್ರ ತಿದ್ದುವುದು. ಮೊದಲೆರಡನ್ನು ನಾನು ನೋಡಿ ಬರೆಯುತ್ತಿದ್ದೆ. ಮೂರನೆಯದು, ನಿಜ ಹೇಳಬೇಕೆಂದರೆ, ಅಂಗಡಿಯವನು ಕೊಸರಿಗೆ ಹಾಕುವ ಕರಿಬೇವಿನ ಹಾಗೆ ಬಿಟ್ಟಿ ಹೋಗುತ್ತಿತ್ತು.

ಎಲುಬನ್ನು ನೋಡಲು ನನಗೆ ಕಲಿಸಿದವರು ನನ್ನ ಪ್ರೊಫೆಸರುಗಳಲ್ಲ, ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಟೆಕ್ನಿಷಿಯನ್. ನನಗಿಂತ ಹದಿನೈದು ವರ್ಷ ದೊಡ್ಡವರು. ಮಾದನಾಯಕನಹಳ್ಳಿಯ ಕಡೆಯವರು, ಚಿಕ್ಕಬಾಣಾವರದಲ್ಲಿ ರೈಲ್ವೆ ಗೇಟಿನ ಹತ್ತಿರ ಮನೆ. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕತ್ತಲ ಕೋಣೆಯಲ್ಲಿ ಫಿಲಂ ತೊಳೆದು ಹಗ್ಗದ ಮೇಲೆ ಒಣಗಿಸುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದರು. ಬಂದವರ ತಾಯತ, ಕೊರಳ ಸರ, ಜೇಬಿನ ಪೆನ್ನು ಎಲ್ಲ ತೆಗೆಸಿ, ಹೆಂಗಸರ ಜಡೆಯನ್ನು ಮೇಲೆ ಕಟ್ಟಿಸಿ ನಿಲ್ಲಿಸುತ್ತಿದ್ದರು. ಜಡೆ ಹೆಗಲ ಮೇಲೆ ಬಿದ್ದರೆ ಚಿತ್ರದಲ್ಲಿ ಕಾಯಿಲೆಯ ಹಾಗೆ ಕಾಣುತ್ತದೆ. "ಉಸ್ರು ಎಳ್ಕೊಳ್ಳಿ, ಇಡ್ಕೊಳ್ಳಿ, ಬಿಡಿ" ಅನ್ನುವುದನ್ನು ನಾಲ್ಕು ಭಾಷೆಯಲ್ಲಿ ಹೇಳುತ್ತಿದ್ದರು. ನಾಲ್ಕೂ ಒಂದೇ ರಾಗ.

ನಾನು ಸೇರಿದ ಹೊಸತು. ಆಗಿನ್ನೂ ಫಿಲಂ ಇತ್ತು, ಹಿಂದೆ ಬೆಳಕಿರುವ ಬಿಳಿ ಗಾಜಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡುತ್ತಿದ್ದೆವು. ಒಂದು ದಿನ ಬಂದು ನೋಡಿದರೆ ಫಿಲಂ ಒಂದನ್ನು ತಲೆಕೆಳಗಾಗಿ ಸಿಕ್ಕಿಸಿದ್ದಾರೆ. ಅದು ಹಿಂದಿನ ದಿನ ನಾನು ನಾರ್ಮಲ್ ಅಂತ ಬರೆದಿದ್ದ ಒಬ್ಬ ಪೇಂಟಿಂಗ್ ಕೆಲಸದವರ ಎದೆ. ನನಗೆ ರೇಗಿತು. ದಾವಣಗೆರೆಯಲ್ಲಿ ಓದಿ ರ‍್ಯಾಂಕ್ ಬಂದವಳು, ಮೂಗಿನ ತುದಿಯಲ್ಲೇ ಕೋಪ.

"ಅಣ್ಣ, ಫಿಲಂ ಹಾಕೋಕೂ ಬರಲ್ವಾ ನಿಮಗೆ?"

"ಬೇಕಂತಲೇ ಆಕಿದೀನಿ ಮೇಡಂ. ಒಂದ್ ನಿಮಿಷ ಇಂಗೇ ನೋಡ್ಬಿಡಿ, ಆಮೇಲೆ ಬೈರಿ."

ನೋಡಿದೆ. ತಲೆಕೆಳಗೆ ಮಾಡಿದಾಗ ಶ್ವಾಸಕೋಶ ಶ್ವಾಸಕೋಶದ ಹಾಗೆ ಕಾಣುವುದಿಲ್ಲ. ಹೃದಯ ಎಲ್ಲೋ ಇದ್ದು, ಕಣ್ಣಿಗೆ ಪರಿಚಯದ ಬೀದಿಯೇ ಇಲ್ಲದ ಹಾಗಾಗುತ್ತದೆ. ಆಗ ಸರಳುಗಳು ಕಾಣುತ್ತವೆ. ಅವರು ಪೆನ್ಸಿಲ್ ಹಿಡಿದು ಬೆನ್ನಿನ ಕಡೆಯಿಂದ ಒಂದೊಂದೇ ಎಲುಬನ್ನು ಮುಂದಿನವರೆಗೆ ಸವರುತ್ತಾ, ಬಾಯಲ್ಲಿ ಎಣಿಸುತ್ತಾ ಹೋದರು. ಐದನೆಯದರಲ್ಲಿ ಪೆನ್ಸಿಲ್ ನಿಂತಿತು. ಎಲುಬಿನ ಅಂಚಿಗೆ ಇರಬೇಕಾದ ಬಿಳಿ ಗೆರೆ ಅಲ್ಲಿ ಅರ್ಧ ಅಂಗುಲ ಇರಲೇ ಇಲ್ಲ. ಒಳಗಿನಿಂದ ಏನೋ ಎಲುಬನ್ನು ತಿನ್ನುತ್ತಿದೆ ಅಂತ ಅದರ ಅರ್ಥ. ನನ್ನ ಮುಖ ಸಣ್ಣದಾಯಿತು. ಆ ರೋಗಿಗೆ ಫೋನ್ ಮಾಡಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು, ಬೇಗ ಸಿಕ್ಕಿದ್ದರಿಂದ ಗುಣವೂ ಆಯಿತು. ಅಣ್ಣ ಈ ವಿಷಯವನ್ನು ಮಾಲೀಕರಿಗಾಗಲಿ, ಮಿಕ್ಕವರಿಗಾಗಲಿ ಹೇಳಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಿತ್ತು. ಅವರಿಗೆ ಯಾವುದಾದರೂ ಚಿತ್ರದಲ್ಲಿ ಅನುಮಾನ ಬಂದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಟೆಕ್ನಿಷಿಯನ್ ರೋಗ ಹೇಳಬಾರದು ಅಂತ ನಿಯಮ ಇದೆ. ಫಿಲಂ ತಲೆಕೆಳಗೆ ಸಿಕ್ಕಿಸಿ ಹೋಗುತ್ತಿದ್ದರು. ನಾನು ಬಂದು ಎಣಿಸುತ್ತಿದ್ದೆ.

ಆಮೇಲೆ ಫಿಲಂ ಹೋಯಿತು. ಕೋವಿಡ್ ಎಲ್ಲ ಮುಗಿದ ಮೇಲೆ ಮಾಲೀಕರು ಹೊಸ ಡಿಜಿಟಲ್ ಮಷೀನ್ ತರಿಸಿದರು. ಚಿತ್ರ ನೇರವಾಗಿ ನನ್ನ ಪರದೆಗೇ ಬಂದು ಬೀಳುತ್ತದೆ, ನಡುವೆ ಯಾರ ಕೈಯೂ ಇಲ್ಲ. ಕೂರಿಸಿದ ದಿನ ಕಂಪನಿಯ ಎಂಜಿನಿಯರ್ ಬಂದು, ಒಂದು ಎಕ್ಸ್‌ರೇ ತೆಗೆದು ನೋಡಬೇಕು, ಯಾರಾದರೂ ನಿಲ್ಲಿ ಅಂದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಣ್ಣ ಷರ್ಟು ಬಿಚ್ಚಿದರು.

"ಮೂವತ್ ವರ್ಷ ಊರೋರನ್ನೆಲ್ಲ ನಿಲ್ಸಿದೀನಿ, ಇವತ್ತು ನಾನೇ ನಿಂತ್ಕೋತೀನಿ ಬಿಡಿ."

ಗುಂಡಿ ಒತ್ತಿದವರು ಎಂಜಿನಿಯರ್. ಆದರೆ ಅಭ್ಯಾಸ ಬಿಡಬೇಕಲ್ಲ, "ಉಸ್ರು ಎಳ್ಕೊಳ್ಳಿ, ಇಡ್ಕೊಳ್ಳಿ" ಅಂತ ಅಣ್ಣ ತಮಗೆ ತಾವೇ ಜೋರಾಗಿ ಹೇಳಿಕೊಂಡರು. ಮಾತಾಡಿದ್ದರಿಂದ ಮೊದಲನೆಯ ಚಿತ್ರ ಅಲುಗಿ ಹಾಳಾಯಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎರಡನೆಯದು ಸೊಗಸಾಗಿ ಬಂತು. ಎಂಜಿನಿಯರ್ ಹೆಸರಿನ ಜಾಗದಲ್ಲಿ "ಟೆಸ್ಟ್" ಅಂತ ಟೈಪ್ ಮಾಡಿದರು. ಅಣ್ಣ ಷರ್ಟು ಹಾಕಿಕೊಂಡು ಬಂದು ನನ್ನ ಹೆಗಲ ಹಿಂದೆ ನಿಂತು ಕೇಳಿದರು.

"ಎಂಗೈತೆ ಮೇಡಂ?"

"ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಣ್ಣ. ಒಂದೊಂದು ಎಲುಬೂ ಎಣಿಸಬಹುದು."

ಎಣಿಸಬಹುದು ಅಂದೆ. ಎಣಿಸಲಿಲ್ಲ. ಕೆಳಗಿನ ಬೇಕರಿಯಿಂದ ಮೈಸೂರ್‌ಪಾಕ್ ಬಂತು, ತಿಂದೆವು.

ಆ ಚಿತ್ರ ಅಳಿಸಲಿಲ್ಲ. ಅಷ್ಟು ಚೆನ್ನಾಗಿ ಬಂದದ್ದರಿಂದ ಅದನ್ನೇ ಮಾದರಿ ಮಾಡಿಕೊಂಡೆ. ಯಾವುದಾದರೂ ಚಿತ್ರ ತೀರಾ ಕಪ್ಪಾಗಿಯೋ ಮಂಕಾಗಿಯೋ ಬಂದರೆ ಪಕ್ಕದಲ್ಲಿ ಟೆಸ್ಟ್ ತೆರೆದು ಹೋಲಿಸಿ ಬೆಳಕು ಸರಿಮಾಡುತ್ತಿದ್ದೆ. ದಿನಕ್ಕೆ ನಾಲ್ಕು ಸಲವಾದರೂ ತೆರೆಯುತ್ತಿದ್ದೆ. "ಮೇಡಂ ದಿನಾ ನನ್ ಎದೆ ಬಗ್ದು ನೋಡ್ತಾರೆ" ಅಂತ ಅಣ್ಣ ರಿಸೆಪ್ಷನ್ನಿನಲ್ಲಿ ತಮಾಷೆ ಮಾಡುತ್ತಿದ್ದರು. ಹಾಗೇ ಎಂಟು ತಿಂಗಳು ಕಳೆದವು.

ಅಷ್ಟರಲ್ಲಿ ಅವರ ಹತ್ತಿರ ಹೋದರೆ ನೋವಿನ ಮುಲಾಮಿನ ವಾಸನೆ ಬರತೊಡಗಿತ್ತು. ಪಕ್ಕೆ ಹಿಡಿದಿದೆ, ಸ್ಟ್ರೆಚರಿನಿಂದ ಯಾರನ್ನೋ ಎತ್ತಿದ್ದೆ ಅನ್ನುತ್ತಿದ್ದರು. ವಯಸ್ಸಾಯ್ತು ಅಣ್ಣ, ರಿಟೈರ್ ಆಗಿ ಅಂತ ನಾನೂ ರೇಗಿಸಿದೆ. ಒಂದು ಬೆಳಿಗ್ಗೆ ಕೆಮ್ಮಿದಾಗ ಪಕ್ಕೆಯಲ್ಲಿ ಲಟಕ್ ಅಂದಿತಂತೆ, ನನ್ನ ಕೋಣೆಗೆ ಬಂದು ಗೋಡೆ ಹಿಡಿದು ನಿಂತರು. ಮುಖ ಬೆವರಿತ್ತು. ಇನ್ನೊಬ್ಬ ಟೆಕ್ನಿಷಿಯನ್ ಹುಡುಗಿ ಚಿತ್ರ ತೆಗೆದಳು.

ಚಿತ್ರ ಪರದೆಗೆ ಬಂತು. ಬಲಗಡೆಯ ಏಳನೇ ಎಲುಬು ಮುರಿದಿತ್ತು. ಅದಷ್ಟೇ ಅಲ್ಲ, ಎರಡೂ ಕಡೆಯ ಎಲುಬುಗಳಲ್ಲಿ, ಹೆಗಲ ಮೂಳೆಯಲ್ಲಿ ಗೆದ್ದಲು ತಿಂದ ಹಾಗೆ ತೂತುಗಳು. ತಲೆಕೆಳಗೆ ಮಾಡುವ ಅಗತ್ಯವೇ ಇರಲಿಲ್ಲ. ಇದು ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್ ಅಂತ ನನಗೆ ಹೊಳೆಯಿತು. ಅಣ್ಣ ಎಂದಿನ ಹಾಗೆ ಹೆಗಲ ಹಿಂದೆ ನಿಂತಿದ್ದರು. ಮೂವತ್ತು ವರ್ಷ ಎದೆಗಳನ್ನೇ ನೋಡಿದವರಿಗೆ ನಾನು ಏನು ಮುಚ್ಚಿಡುವುದು?

ಇಂಥದ್ದು ಕಂಡಾಗ ಮೊದಲು ಮಾಡುವ ಕೆಲಸ ಹಳೆಯ ಚಿತ್ರ ಕೇಳುವುದು. ಎಷ್ಟು ದಿನದಿಂದ ಇದೆ, ಎಷ್ಟು ಬೆಳೆದಿದೆ ಅಂತ ಅದರಿಂದ ತಿಳಿಯುತ್ತದೆ. ಬಂದವರಿಗೆಲ್ಲ ಅಣ್ಣನೇ "ಅಳೇ ಎಕ್ಸ್‌ರೇ ಇದ್ರೆ ತನ್ನಿ" ಅನ್ನುತ್ತಿದ್ದರು. ನಾನು ಅವತ್ತು ಕೇಳಲಿಲ್ಲ. ಅವರೇ ಹೇಳಿದರು.

"ಅಳೇದು ಐತಲ್ಲ ಮೇಡಂ. ಟೆಸ್ಟು."

ತೆರೆದೆ. ಅವರು ನನ್ನ ಮುಂದೆ ಕೈ ಚಾಚಿ ಮೌಸ್ ತೆಗೆದುಕೊಂಡು ಚಿತ್ರವನ್ನು ತಲೆಕೆಳಗೆ ತಿರುಗಿಸಿದರು. ಬೆರಳಿನಲ್ಲಿ ಎಣಿಸುತ್ತಾ ಹೋದರು. ಬಲಗಡೆ ಏಳನೆಯದರ ಮೇಲೆ ಬೆರಳು ನಿಂತಿತು. ಅಂಚಿನ ಬಿಳಿ ಗೆರೆ ಅರ್ಧ ಅಂಗುಲ ಇರಲಿಲ್ಲ. ಎಂಟು ತಿಂಗಳು ದಿನಕ್ಕೆ ನಾಲ್ಕು ಸಲ ನಾನು ಅದನ್ನು ನೋಡಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ, ಇಲ್ಲಿ ಕತ್ತಲೆಯೂ ಇರಲಿಲ್ಲ.

"ಅವತ್ತು ನಾವಿಬ್ರೂ ಮಿಷನ್ ನೋಡಿದ್ವಿ ಮೇಡಂ" ಅಂದರು ಅಣ್ಣ. ಷರ್ಟಿನ ಗುಂಡಿ ಹಾಕಿಕೊಂಡು, "ಒರ್ಗಡೆ ಜನ ಕಾಯ್ತಾವ್ರೆ" ಅಂತ ಹೋದರು.

ಈಗ ಹೇಳುವುದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಲು ಅಣ್ಣನ ರಿಪೋರ್ಟ್ ಬರೆದೆ. ಕೊನೆಯಲ್ಲಿ, ಹೋಲಿಕೆಗೆ ಹಳೆಯ ಚಿತ್ರ ಇದೆಯೇ ಅನ್ನುವ ಒಂದು ಸಾಲು ಇರುತ್ತದೆ. ಅಲ್ಲಿ "ಲಭ್ಯವಿಲ್ಲ" ಅಂತ ಬರೆದೆ. ಹೆದರಿದ್ದೆ. ಅಲ್ಲಿಯ ಡಾಕ್ಟರಿಗೆ ಗೊತ್ತಾದರೆ, ಮಾಲೀಕರಿಗೆ ಗೊತ್ತಾದರೆ, ಇಷ್ಟು ವರ್ಷದ ಹೆಸರು ಹೋದರೆ ಅಂತ ಹೆದರಿದ್ದೆ. ಟೆಸ್ಟ್ ಅಂದರೆ ರೋಗಿಯ ಚಿತ್ರ ಅಲ್ಲವಲ್ಲ, ಬರೆಯದಿದ್ದರೇನು ಅಂತ ಒಂದು ಸಮಾಧಾನವನ್ನೂ ಹುಡುಕಿಕೊಂಡೆ. ಪ್ರಿಂಟ್ ತೆಗೆದದ್ದು ಅಣ್ಣನೇ. ನಿಂತು ಪೂರ್ತಿ ಓದಿದರು. ಮಡಚಿ ಕವರಿಗೆ ಹಾಕಿಕೊಂಡರು.

ಒಂದು ವರ್ಷ ಎರಡು ತಿಂಗಳು ಬದುಕಿದ್ದರು. ಮೊದಲು ಮೂಳೆ, ಆಮೇಲೆ ಕಿಡ್ನಿ. ಎಂಟು ತಿಂಗಳು ಮೊದಲೇ ಸಿಕ್ಕಿದ್ದರೆ ಕಿಡ್ನಿ ಉಳಿಯುತ್ತಿತ್ತೇನೋ, ಇನ್ನೂ ಕೆಲವು ವರ್ಷ ಸಿಗುತ್ತಿದ್ದವೇನೋ. ಖಂಡಿತ ಅಂತ ಯಾವ ಡಾಕ್ಟರೂ ಹೇಳಲಾರರು. ಇಲ್ಲ ಅಂತಲೂ ಹೇಳಲಾರರು. ನಾನು ಆಗಾಗ ಅವರ ಮನೆಗೆ ಹೋಗಿ ಬರುತ್ತಿದ್ದೆ. ಕೆಳಗೆ ಎರಡು ಬಾಡಿಗೆ ಮನೆ, ಮೇಲೆ ಅವರದು. ರೈಲು ಹೋದರೆ ಷೆಲ್ಫಿನ ಸ್ಟೀಲ್ ಲೋಟಗಳೆಲ್ಲ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವರ ಹೆಂಡತಿ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ವಿಭಾಗದಲ್ಲಿ ವರ್ಷಗಟ್ಟಲೆ ನಿಂತು ದುಡಿದವರು, ಮಾತು ನೇರ. ಅವರನ್ನು ಅಕ್ಕ ಅನ್ನುತ್ತಿದ್ದೆ. ಕಾಫಿ ಕುಡಿಸದೆ ಅವರು ಯಾರನ್ನೂ ಮೆಟ್ಟಿಲು ಇಳಿಸುತ್ತಿರಲಿಲ್ಲ. ಅಣ್ಣನೂ ನಾನೂ ಟೆಸ್ಟಿನ ಮಾತು ಮತ್ತೆ ಎತ್ತಲಿಲ್ಲ. ಅವರು ಎತ್ತದಿದ್ದಕ್ಕೆ ನನಗೆ ನಿರಾಳವಾಗುತ್ತಿತ್ತು, ಆ ನಿರಾಳಕ್ಕೇ ನಾಚಿಕೆಯೂ ಆಗುತ್ತಿತ್ತು.

ಅವರು ಹೋದ ಮೂರು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅಕ್ಕನನ್ನು ನೋಡಲು ಹೋದೆ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋಗಿದ್ದರು. ಸೆಂಟರಿನ ಐಡಿ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ದೊಡ್ಡದು ಮಾಡಿದ್ದರಿಂದ ಮುಖ ಮಂಕಾಗಿತ್ತು. ಅಕ್ಕ ಕಾಫಿ ಕೊಟ್ಟು ಎದುರಿಗೆ ಕೂತರು.

"ಒಂದ್ ಮಾತು ಏಳ್ತೀನಿ ಮೇಡಂ, ತಪ್ಪು ತಿಳ್ಕೋಬೇಡಿ. ಇವ್ರ ಮೇಲೆ ನಂಗೆ ಬಾಳ ಸಿಟ್ಟೈತೆ."

ನಾನು ಲೋಟ ಕೆಳಗಿಟ್ಟೆ.

"ಓಗೋಕ್ ನಾಲ್ಕು ದಿನ ಮುಂಚೆ ಏಳಿದ್ರು. ಒಸ ಮಿಷನ್ ಬಂದಾಗ ಇವ್ರುದ್ದೇ ಎಕ್ಸ್‌ರೇ ತೆಗ್ದಿದ್ರಂತೆ. ಅದ್ರಾಗೇ ಕಾಣ್ತಿತ್ತಂತೆ. ನೀವು ಕೆಲ್ಸದಾಗಿದ್ರಿ ಅಂತ ನಿಮ್ಗೆ ತೋರಿಸ್ಲೇ ಇಲ್ವಂತೆ. ತಾನೇ ನೋಡಿ ಚೆನ್ನಾಗೈತೆ ಅಂತ ಬಿಟ್ಬಿಟ್ರಂತೆ. ನಿಮ್ಗೊಂದ್ ಸಲ ತೋರ್ಸಿದ್ರೆ ಅವತ್ತೇ ಇಡಿದ್ಬಿಡ್ತಿದ್ರಿ, ಅಲ್ವಾ ಮೇಡಂ? ಊರೋರ್ದೆಲ್ಲ ತೋರಿಸ್ತಿದ್ರು. ತನ್ದು ಮಾತ್ರ ತೋರಿಸ್ಲಿಲ್ಲ. ದಿನಾ ದೀಪ ಅಚ್ಚುವಾಗ ಬೈತೀನಿ."

ಆಗ ನನಗೆ ಅರ್ಥವಾಯಿತು. ಸಾಯುವ ಮುಂಚೆ ಮನುಷ್ಯ ಹೆಂಡತಿಗೆ ನಿಜ ಹೇಳಬೇಕು ಅಂದುಕೊಂಡಿದ್ದಾರೆ. ಹೇಳಿದ್ದಾರೆ ಕೂಡ. ನನ್ನೊಬ್ಬಳನ್ನು ಮಾತ್ರ ಅದರಿಂದ ತೆಗೆದುಬಿಟ್ಟಿದ್ದಾರೆ. ಪೇಂಟಿಂಗ್ ಕೆಲಸದವರ ಫಿಲಮ್ಮಿನ ವಿಷಯ ಯಾರಿಗೂ ಹೇಳದೆ ಇದ್ದರಲ್ಲ, ಇದೂ ಹಾಗೇ. ಆದರೆ ಅವತ್ತು ನಷ್ಟ ಯಾರಿಗೂ ಆಗಿರಲಿಲ್ಲ. ಈಗ ಅವರ ಹೆಂಡತಿ ಅವರನ್ನು ದಿನಾ ಬೈಯುತ್ತಿದ್ದರು. ನಾನು ಸುಮ್ಮನೆ ಕಾಫಿ ಕುಡಿದು ಎದ್ದು ಬಂದಿದ್ದರೆ ಇನ್ನು ಯಾವತ್ತೂ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡುವ ಆಸೆಯೂ ನನಗೆ ಆಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

"ತೋರಿಸಿದ್ರು ಅಕ್ಕ" ಅಂದೆ.

ಅವರು ನನ್ನ ಮುಖ ನೋಡಿದರು.

"ಅವತ್ತೇ ತೋರಿಸಿದ್ರು. ಹೇಗಿದೆ ಅಂತ ಕೇಳಿದ್ರು. ನಾನೇ ಚೆನ್ನಾಗಿ ಬಂದಿದೆ ಅಂದೆ. ಆಮೇಲೂ ಎಂಟು ತಿಂಗಳು ಅದನ್ನ ದಿನಾ ನೋಡಿದೀನಿ. ನಂಗೆ ಕಾಣಲಿಲ್ಲ."

ರಿಪೋರ್ಟಿನಲ್ಲಿ ಲಭ್ಯವಿಲ್ಲ ಅಂತ ಬರೆದದ್ದನ್ನೂ ಹೇಳಿದೆ. ಹೇಳುತ್ತಾ ಅತ್ತೆ. ಅಕ್ಕ ಅಳಲಿಲ್ಲ. ಎದ್ದು ಹೋಗಿ ಫೋಟೋದ ಗಾಜನ್ನು ಸೆರಗಿನಲ್ಲಿ ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ. ಬೆನ್ನು ತಿರುಗಿಸಿಕೊಂಡೇ, "ಮೂರು ವಾರ ಬೈದ್ನಲ್ಲ" ಅಂದರು. ನನಗೆ ಹೇಳಿದ್ದಲ್ಲ.

ಆಮೇಲೆ ತಿರುಗಿ, "ನೀವೀಗ ಏಳಿದ್ದನ್ನ ಬರ್ದ್ ಕೊಡ್ತೀರಾ ಮೇಡಂ?" ಅಂದರು. "ಮಗ್ಳಿಗೂ ಅಂಗೇ ಏಳ್ಬಿಟ್ಟಿದೀನಿ, ನಿಮ್ಮಪ್ಪನ್ದೇ ತಪ್ಪು ಅಂತ."

ಮಾರನೆಯ ದಿನ ಸೆಂಟರಿಗೆ ಬೇಗ ಹೋಗಿ ಟೆಸ್ಟ್ ತೆರೆದೆ. ಹೆಸರು ತಿದ್ದಿ ಅಣ್ಣನ ಹೆಸರು ಹಾಕಿದೆ, ವಯಸ್ಸು ಹಾಕಿದೆ. ರಿಪೋರ್ಟಿನ ಪುಟ ತೆರೆದ ಕೂಡಲೇ ಬೋನ್ಸ್ ನಾರ್ಮಲ್ ತಾನಾಗಿ ಬಂದು ಕೂತಿತು. ಅದನ್ನು ಅಳಿಸಿದೆ. ಚಿತ್ರ ತಲೆಕೆಳಗೆ ಮಾಡಿ ಇಪ್ಪತ್ತನಾಲ್ಕು ಎಲುಬನ್ನೂ ಒಂದೊಂದಾಗಿ ಎಣಿಸಿದೆ. ಬಲಗಡೆ ಏಳನೇ ಪಕ್ಕೆಲುಬಿನಲ್ಲಿ ಏನಿದೆ, ಎಷ್ಟಿದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ, ನಮ್ಮ ಕ್ರಮದಲ್ಲಿ ಬರೆದೆ. ಮೊದಲು ನೋಡಿದ ದಿನ ಅಂತ ಮಷೀನ್ ಬಂದ ದಿನದ ತಾರೀಖನ್ನೂ, ಬರೆದ ದಿನ ಅಂತ ಅವತ್ತಿನದನ್ನೂ ಹಾಕಿ ಸಹಿ ಮಾಡಿದೆ. ಹಳೆಯ ರಿಪೋರ್ಟಿನ ಲಭ್ಯವಿಲ್ಲ ಅನ್ನುವ ಸಾಲನ್ನೂ ತಿದ್ದಿ, ಮಾಲೀಕರ ಮುಂದೆ ಎರಡನ್ನೂ ಇಟ್ಟೆ. ಅವರು ಏನಂದರು ಅನ್ನುವುದು ಇಲ್ಲಿ ಬೇಡ. ಇದಾದ ಮೇಲೆ ನಾನು ಆ ಸಿದ್ಧ ಪಾಠ ಬಳಸಿಲ್ಲ.

ಸಂಜೆ ಚಿಕ್ಕಬಾಣಾವರಕ್ಕೆ ಹೋಗಿ ಕೊಟ್ಟೆ. ಅಕ್ಕ ಬಾಗಿಲಲ್ಲೇ ನಿಂತು ಕಾಗದ ಬಿಡಿಸಿದರು. ಒಳಗೆ ಬನ್ನಿ ಅನ್ನಲಿಲ್ಲ. ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಹೋದರು, ಅಣ್ಣ ಎಲುಬು ಎಣಿಸುತ್ತಿದ್ದ ಹಾಗೆ.

"ಇದ್ರಾಗೆ ಎಲ್ಲೈತೆ ಮೇಡಂ, ಇವ್ರುದ್ದು ತಪ್ಪಿಲ್ಲ ಅಂತ?"

ಎಲ್ಲೂ ಇರಲಿಲ್ಲ. ಕಾಗದ ವಾಪಸ್ ಇಸಿದುಕೊಂಡು, ಅವರ ಮನೆಯ ಗೋಡೆಗೆ ಇಟ್ಟು, ನನ್ನ ಸಹಿಯ ಕೆಳಗೆ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ: ಇವರು ತೋರಿಸಿದ್ದರು. ನಾನು ನೋಡಲಿಲ್ಲ.